ಇಪ್ಪತ್ತನೆಯ ಮನೆ

ಜೂನಿನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳೆಲ್ಲ ದಡ ಸೇರಿ ಒಂಬತ್ತನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಶೈಲೇಶ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದ.

ಸ್ಟೀಲಿನ ಬಟ್ಟಲು ಗೋಡೆಗೆ ಬಡಿದು, ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಅವನ ತಾಯಿ ಬಾಗಿಯ ಕಾಲಿನ ಹತ್ತಿರ ನಿಂತಿತು. ಅದರ ಒಂದು ಬದಿ ತಗ್ಗಾಗಿ ಹೋಗಿತ್ತು. ಬಿಸಿ ಅಗುಳು ಸುಣ್ಣದ ಗೋಡೆಯ ಮೇಲಿಂದ ನಿಧಾನವಾಗಿ ಜಾರುತ್ತಿತ್ತು.

“ಒಣ್ಮೀನ್ ಸುಡುಕ್ ಹೇಳ್ರೆ ಕರ್ಕ್ ಮಾಡಿ ಇಟ್ಟಿದ್ಯಲ್ಲೆ! ಇದನ್ನ ನಾಯಿಯಾರೂ ತಿಂತಾ?”

“ಬಾವಿಗ್ ಹೋಯಿದ್ದೆ, ಒಂದ್ ಗಳ್ಗಿ...” ಎಂದಳು ಸ್ವಾತಿ.

ಮಾತು ಮುಗಿಯಲಿಲ್ಲ. ಅವಳ ಜಡೆ ಅವನ ಕೈಗೆ ಸಿಕ್ಕಿತ್ತು. ಹೆಂಡತಿಯ ತಲೆಯನ್ನು ಅವನು ಬಾಗಿಲಿನ ಚೌಕಟ್ಟಿಗೆ ಬಡಿದ. ಒಂದು, ಎರಡು, ಮೂರು. ಬೇಡವೆಂದರೂ ಬಾಗಿಯ ಮನಸ್ಸು ಎಣಿಸಿತು.

“ಬಿಡ್ ಮಗಾ, ಬಿಡ್! ಸಾಯತ್ತ್ ಅದ್!”

ಮೊಣಕೈಯಿಂದ ಅವನು ತಾಯಿಯನ್ನು ಹಿಂದಕ್ಕೆ ನೂಕಿದ. ಬಾಗಿ ಅರೆಯುವ ಕಲ್ಲಿನ ಮೇಲೆ ಕುಳಿತಂತೆ ಬಿದ್ದಳು. ಅವನು ಕೈ ತೊಳೆದು, ಅಂಗಿ ಹಾಕಿಕೊಂಡು, ಬಲೆ ಹೊಲಿಯುವವರ ಚಪ್ಪರದ ಕಡೆ ಇಸ್ಪೀಟು ಆಡಲು ಹೊರಟುಹೋದ.

ಸ್ವಾತಿಯ ಕಿವಿಯ ಹಿಂದೆ ರಕ್ತ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯ ವನಜ ಬೇಲಿಯ ಸಂದಿಯಿಂದ ಒಂದು ಲೋಟ ತೆಂಗಿನೆಣ್ಣೆಯನ್ನೂ ಅರೆದ ಅರಿಶಿನವನ್ನೂ ಚಾಚಿದಳು. ಏನಾಯಿತೆಂದು ಕೇಳಲಿಲ್ಲ. ಆ ಮನೆಯವರೆಗೂ ಸದ್ದು ಕೇಳುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. “ಹಲ್ಸಿನ ಬೀಜ ಬೇಯ್ಸಿದ್ದೆ ಬಾಗಿಯಕ್ಕ, ಬೈಸಾರಿಗ್ ಮಗು ಶಾಲಿಂದ ಬಂದ್ ಮೇಲೆ ಕಳ್ಸ್ತೆ” ಎಂದಷ್ಟೇ ಹೇಳಿ ಹೋದಳು.

ಸ್ವಾತಿಯ ಎಂಟು ವರ್ಷದ ಮಗಳು ಮೋಕ್ಷಿತಾ ಶಾಲೆಯಿಂದ ಬಂದಾಗ ಅಜ್ಜಿ ಒದ್ದೆ ಬಟ್ಟೆಯಿಂದ ಗೋಡೆ ಒರೆಸುತ್ತಿದ್ದಳು. ಹುಡುಗಿ ಚೀಲ ಇಳಿಸಿ, ಇನ್ನೊಂದು ಬಟ್ಟೆ ತಂದು ಕೆಳಗಿನ ಭಾಗ ಒರೆಸತೊಡಗಿದಳು. ಅವಳಿಗೆ ಅಭ್ಯಾಸವಿತ್ತು.

ಆರು ಗಂಟೆಗೆ ಬಾಗಿಯ ಮಗಳು ಶ್ರೀಲತಾ ಕುಂದಾಪುರದಿಂದ ಕೋಡಿಯ ಬಸ್ಸಿಳಿದು ಮನೆಗೆ ಬಂದಳು. ಅವಳು ಕೆಲಸ ಮಾಡುತ್ತಿದ್ದದ್ದು ‘ನೆರಳು’ ಎಂಬ ಸಣ್ಣ ಸಂಸ್ಥೆಯಲ್ಲಿ. ಮನೆಯಲ್ಲಿ ಹೊಡೆತ ತಿಂದು ಓಡಿಬಂದ ಹೆಂಗಸರಿಗೆ ಅಲ್ಲಿ ಆರು ಹಾಸಿಗೆ, ಎರಡು ಹೊತ್ತಿನ ಊಟ, ಬುದ್ಧಿಮಾತು, ಬೇಕಾದರೆ ವಕೀಲರು. ಬ್ರಹ್ಮಾವರದ ನಿವೃತ್ತ ಶಿಕ್ಷಕಿ ಗಿರಿಜಾ ಅದನ್ನು ಕಟ್ಟಿದವರು. ನಡೆಸುವ ದುಡ್ಡು ಬೆಂಗಳೂರಿನ ಒಂದು ಖಾಸಗಿ ಪ್ರತಿಷ್ಠಾನದ್ದು. ಯಾರೋ ದೊಡ್ಡ ವ್ಯಾಪಾರದ ಮನೆತನದವರು ರಾಜ್ಯದ ಇಂಥ ಹತ್ತಾರು ಸಂಸ್ಥೆಗಳಿಗೆ ಮೂರು ಮೂರು ವರ್ಷಕ್ಕೆಂದು ಅನುದಾನ ಕೊಡುತ್ತಿದ್ದರು.

ಶ್ರೀಲತಾ ಅತ್ತಿಗೆಯ ತಲೆ ನೋಡಿದಳು. ತಗ್ಗಾದ ಬಟ್ಟಲು ನೋಡಿದಳು.

“ಇವತ್ತೂ ಹೊಡ್ದ್ನಾ?”

“ಎಂತಕ್ ಕೇಂತೆ?” ಎಂದಳು ಬಾಗಿ. “ಊರ ಹೆಂಗಸ್ರ ಕಥಿ ಎಲ್ಲ ಬರ್ಕಂತ್ಯಲ್ಲ, ಇದನ್ನೂ ಬರ್ಕೊ.”

ಶ್ರೀಲತಾ ಕೈಚೀಲದಿಂದ ಒಂದು ಕಾಗದ ತೆಗೆದಳು, ಮತ್ತೆ ಒಳಗಿಟ್ಟಳು.

*

ಆ ಕಾಗದದಲ್ಲಿ ಏನಿದೆಯೆಂದು ಅವಳು ತಾಯಿಗೆ ಹೇಳಿದ್ದು ಎರಡು ದಿನ ಬಿಟ್ಟು, ಅಕ್ಕಿ ಗೇರುತ್ತಾ ಇಬ್ಬರೇ ಕುಳಿತಿದ್ದಾಗ.

ಹಿಂದಿನ ವರ್ಷ, ಎರಡು ಸಾವಿರದ ಹತ್ತರ ನವೆಂಬರಿನಲ್ಲಿ, ಬೋಟು ರಿಪೇರಿಗೆಂದು ದಡದಲ್ಲಿ ನಿಂತಾಗ, ಸ್ವಾತಿ ನಾಲ್ಕು ದಿನ ‘ನೆರಳು’ ಮನೆಯಲ್ಲಿ ಇದ್ದಳು. ಗಿರಿಜಾ ಟೀಚರ್ ಶೈಲೇಶನನ್ನು ಕರೆಸಿ, ಇನ್ನು ಕೈ ಎತ್ತುವುದಿಲ್ಲವೆಂದು ಕಾಗದದ ಮೇಲೆ ಸಹಿ ಹಾಕಿಸಿದ್ದರು. ಸ್ವಾತಿ ಮನೆಗೆ ಮರಳಿದಳು. ಫೆಬ್ರವರಿಯಲ್ಲಿ ಸಂಸ್ಥೆಯ ಪದ್ಧತಿಯಂತೆ ಮನೆಗೆ ಬಂದು ವಿಚಾರಿಸಿದಾಗ ಗಲಾಟೆ ಏನೂ ಇರಲಿಲ್ಲ. ಕಡತ ಮುಚ್ಚಿತು. ಪ್ರತಿಷ್ಠಾನದ ಲೆಕ್ಕದಲ್ಲಿ ವರ್ಷಕ್ಕೆ ಇಪ್ಪತ್ತು ಸಂಸಾರ ರಾಜಿಯಾಗಿ ಒಂದಾಗಬೇಕಿತ್ತು. ಮಾರ್ಚಿನ ವರದಿಯಲ್ಲಿ ಇಪ್ಪತ್ತನೆಯದು ಈ ಮನೆ.

“ಬಪ್ಪ ತಿಂಗ್ಳ್ ಹನ್ನೆರಡಕ್ಕೆ ಬೆಂಗ್ಳೂರಿಂದ ಬತ್ರ್ ಅಮ್ಮ. ಇಪ್ಪತ್ರಗೆ ಮೂರ್ ಮನಿ ಕಾಣ್ಕ್ ಅಂದ್ರ್. ಚೀಟಿ ಎತ್ತಿದ್ರ್. ನಮ್ದೂ ಬಂತ್.”

ಬಾಗಿ ಗೆರಸೆ ಕೆಳಗಿಟ್ಟಳು. “ಟೀಚರ್ರಿಗ್ ಹೇಳಿದ್ಯಾ, ಇಲ್ಲಿ ಮತ್ತೆ ಶುರುವಾಯ್ತಂತ?”

“ಇಲ್ಲ.”

“ಎಂತಕ್?”

“ಹೇಳ್ರೆ ದುಡ್ಡ್ ಬತ್ತಿಲ್ಲ. ಆಗಸ್ಟಿಂದ ಆರ್ ಹಾಸ್ಗಿಯೂ ಬಂದ್. ಅಲ್ಲಿಪ್ಪ ನಾಲ್ಕ್ ಜನ ಎಲ್ಲಿಗ್ ಹೋಯ್ಕ್? ಅರ್ಧ ಗಂಟಿ ಅಮ್ಮ. ಅರ್ಧ ಗಂಟಿ ಎಲ್ಲ ಸಮ ಇತ್ತ್ ಅಂತ ಹೇಳ್ರೆ ಮೂರ್ ವರ್ಷ ಆ ಮನಿ ನಡೀತ್.”

ಬಾಗಿ ಕಲ್ಲು ಆರಿಸಿದಳು. ಆ ನಾಲ್ವರನ್ನು ಅವಳು ಬಲ್ಲಳು. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು, ಪ್ರತಿ ಶುಕ್ರವಾರ ಪೇಟೆಯ ವ್ಯಾಪಾರ ಮುಗಿಸಿ, ಉಳಿದದ್ದನ್ನು ಆ ಮನೆಗೆ ಕೊಟ್ಟು ಬರುತ್ತಿದ್ದಳು. ಈಗ ಕಡಲಿನ ಮೀನಿಲ್ಲದ ಕಾಲ. ಆದರೂ ಆ ಶುಕ್ರವಾರ ಹೊಳೆಯ ಸಿಗಡಿ ಒಂದು ಪಾಲು ಕಟ್ಟಿಸಿಕೊಂಡು ಹೋದಳು.

ವಂಡ್ಸೆಯ ರಾಜೀವಿ ಅಂಗಳದಲ್ಲೇ ಇದ್ದಳು. ಇಪ್ಪತ್ತಾರರ ಹೆಣ್ಣು. ಗಂಡ ಕಾದ ಎಣ್ಣೆ ಸುರಿದಿದ್ದರಿಂದ ಎಡತೋಳು ಮೊಣಕೈಯಿಂದ ಕೆಳಗೆ ಸುಕ್ಕಾಗಿ ಹೊಳೆಯುತ್ತಿತ್ತು. ಬಾಗಿಯ ಕೊಡೆಯ ಒಂದು ಕಡ್ಡಿ ಕಳಚಿ ನೇತಾಡುತ್ತಿದ್ದದ್ದನ್ನು ನೋಡಿ, ಅವಳು ಅದನ್ನು ಕೈಯಿಂದ ತೆಗೆದುಕೊಂಡು, ದಾರ ಹಲ್ಲಿನಲ್ಲಿ ಹಿಡಿದು ಒಂದೇ ಕೈಯಲ್ಲಿ ಕಟ್ಟಿಕೊಟ್ಟಳು.

“ಬಾಗಿಯಕ್ಕ, ಈ ಮನಿ ಮುಚ್ಚತ್ತಂಬ್ರ್, ಹೌದಾ?”

“ಯಾರ್ ಹೇಳಿದ್ರ್?”

“ಯಾರೂ ಹೇಳ್ಲಿಲ್ಲ. ಅಕ್ಕಿ ಕಮ್ಮಿ ತಪ್ಪುಕ್ ಶುರು ಮಾಡಿದ್ರಲ್ಲ, ಗೊತ್ತಾಯ್ತ್.” ಅವಳು ನಕ್ಕಳು. “ನಂಗ್ ಈಗ್ಳೂ ವಂಡ್ಸೆ ಬಸ್ಸಿನ ಬೋರ್ಡ್ ಕಂಡ್ರೆ ಅಂಗ್ಡಿ ಹಿಂದೆ ಹೋಯ್ ನಿಂತ್ಕಂತೆ.”

ಬಸ್ಸಿನಲ್ಲಿ ಮನೆಗೆ ಬರುವಾಗ ಬಾಗಿ ಒಂದು ತೀರ್ಮಾನಕ್ಕೆ ಬಂದಳು. ಅರ್ಧ ಗಂಟೆ ತಾನೇ.

*

ಶ್ರೀಲತಾ ಅಣ್ಣನ ಹತ್ತಿರ ಮಾತಾಡಿದ್ದು ಭಾನುವಾರದ ಊಟಕ್ಕೆ. ಬಡಿಸುವ ಕೆಲಸ ತಾನೇ ವಹಿಸಿಕೊಂಡಿದ್ದಳು. ಕೋಳಿಯ ಒಳ್ಳೆಯ ತುಂಡುಗಳನ್ನು ಹುಡುಕಿ ಅವನ ತಟ್ಟೆಗೆ ಹಾಕಿದಳು.

“ಅಣ್ಣ, ಹನ್ನೆರಡ್ನೇ ತಾರೀಕ್ ಒಂಚೂರ್ ಮನಿಯಗ್ ಇರ್ಕ್.”

ಕಥೆ ಎಲ್ಲ ಕೇಳಿ ಶೈಲೇಶ ಅಗಿಯುವುದನ್ನು ನಿಲ್ಲಿಸಿದ. ತಂಗಿಯನ್ನು, ತಾಯಿಯನ್ನು, ಬಾಗಿಲ ಬದಿ ನಿಂತ ಹೆಂಡತಿಯನ್ನು ನೋಡಿದ. ನಗು ಬಂದದ್ದು ಆಮೇಲೆ.

“ಅಂದ್ರೆ ನಿಮ್ಗ್ ನಾನ್ ಬೇಕ್.”

“ಬೇಕ್ ಅಂದ್ರೆ...”

“ಒಳ್ಳೆ ಗಂಡ ಬೇಕ್. ಸಿಕ್ಕತ್ತ್. ಇಸ್ತ್ರಿ ಅಂಗಿ ಹಾಯ್ಕಂಡ್, ಬೊಟ್ಟಿಟ್ಕಂಡ್ ಕೂಕಂತೆ. ‘ಹೌದ್ ಸಾರ್, ಇಲ್ಲ ಸಾರ್’ ಅಂತೆ. ಅಲ್ಲಿ ತನಕ ಈ ಮನಿಯಗೆ ನನ್ನ್ ಯಾರೂ ಕೇಂಬುಕಿಲ್ಲ. ಕೇಂಡ್ರೆ, ಆವತ್ತ್ ಅವ್ರೆದ್ರೇ ಇದನ್ನ ಒದ್ದ್ ತೋರ್ಸ್ತೆ.” ಅವನು ಎಡಗೈಯಿಂದ ಸ್ವಾತಿಯ ಕಡೆ ತೋರಿಸಿದ. “ಮತ್ತೊಂದ್ ತುಂಡ್ ಹಾಕೆ, ಮೇಡಂ.”

ಶ್ರೀಲತಾ ಹಾಕಿದಳು.

ಅಂದಿನಿಂದ ಹದಿನಾರು ದಿನ ಅವನು ರಾಜನಂತೆ ಇದ್ದ. ಬೋಟು ನಡೆಯುವ ಕಾಲದಲ್ಲಿ ಎಂಟು ಹತ್ತು ದಿನ ಕಡಲಿನಲ್ಲಿದ್ದು, ಒಂದು ದಿನ ಮನೆಯಲ್ಲಿ ಸತ್ತವನಂತೆ ಮಲಗಿ, ಮತ್ತೆ ಹೋಗುತ್ತಿದ್ದ ಗಂಡಸು. ಈಗ ದಿನವಿಡೀ ಮನೆ, ಚಪ್ಪರ, ಬಾರು, ಮನೆ. ಚಾ ತಣ್ಣಗಾದರೆ ಲೋಟ ಸ್ವಾತಿಯ ಎದೆಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ, ಚಪ್ಪಲಿ ಜೋಡಿಯಾಗಿ ಇಟ್ಟಿಲ್ಲವೆಂದು, ಅದೇ ಚಪ್ಪಲಿಯಿಂದ ಮುಖಕ್ಕೆ ಹೊಡೆದ. ಬಾಗಿ ಎದ್ದರೆ “ಹನ್ನೆರಡ್ನೇ ತಾರೀಕ್” ಎನ್ನುತ್ತಿದ್ದ. ಅವಳು ಕೂರುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳು ಬಹಳ ನಿಧಾನಕ್ಕೆ ಹೋಗುತ್ತಿದ್ದವು.

ಏಳನೆಯ ತಾರೀಕಿನ ಸಂಜೆ ಮೋಕ್ಷಿತಾ ಶಾಲೆಯ ಹೆಡ್ಮಾಸ್ತರು ಸೀನುವುದನ್ನು ಅನುಕರಿಸಿ ತೋರಿಸುತ್ತಿದ್ದಳು. ಸ್ವಾತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಾಗಿಯೂ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಬಂದ ನಗು. ಆಗಲೇ ಶೈಲೇಶ ಮೆಟ್ಟಿಲ ಮೇಲೆ ಕಾಲು ಜಾರಿ, ಸಾವರಿಸಿಕೊಂಡು ಒಳಗೆ ಬಂದ.

“ನನ್ನ್ ಕಂಡ್ ನಗಾಡ್ತ್ಯಾ?”

“ಇಲ್ಲ, ಮಗು ಎಂತದೋ...”

ಅವನು ಅವಳ ಬಲಗೈ ಹಿಡಿದು ಚೌಕಟ್ಟಿಗೆ ಒತ್ತಿದ. ಇನ್ನೊಂದು ಕೈಯಿಂದ ಬಾಗಿಲನ್ನು ಪೂರ್ತಿ ಬಲದಿಂದ ಎಳೆದ. ಹಲಸಿನ ಮರದ ಹಳೆಯ ಬಾಗಿಲು. ಸ್ವಾತಿಯ ಕೂಗು ಹೊರಬರುವ ಮೊದಲೇ ಮೋಕ್ಷಿತಾ ಕೂಗಿದಳು.

*

ಆಸ್ಪತ್ರೆಯಲ್ಲಿ ಡಾಕ್ಟರು ಎಳೆಯ ಹುಡುಗ. “ಹೇಗಾಯ್ತು?” ಎಂದು ಕೇಳಿದ.

“ಬಾವಿಕಟ್ಟಿ ಮೇಲೆ ಜಾರಿ ಬಿದ್ದದ್” ಎಂದು ಯಾರೋ ಹೇಳಿದರು. ಹೇಳಿದ್ದು ತಾನೇ ಎಂದು ಬಾಗಿಗೆ ತಿಳಿದದ್ದು ಮಾತು ಮುಗಿದ ಮೇಲೆ.

ಡಾಕ್ಟರು ಎರಡು ಬೆರಳಿಗೆ ಪಟ್ಟಿ ಬರೆದು ಮುಂದಿನವರನ್ನು ಕರೆದ. ಪಟ್ಟಿ ಕಟ್ಟಲು ನಡುವಯಸ್ಸಿನ ನರ್ಸಮ್ಮ ಬಂದಳು. ಊದಿದ ಕೈಯಿಂದ ಗಾಜಿನ ಬಳೆಗಳನ್ನು ಒಡೆದು ತೆಗೆಯುವುದು ಸುಲಭವಿತ್ತು. ಅವಳು ಹಾಗೆ ಮಾಡದೆ, ಸೋಪಿನ ನೀರು ಹಚ್ಚಿ, ಒಂದೊಂದನ್ನೇ ತಿರುಗಿಸಿ ತಿರುಗಿಸಿ ಎಂಟು ಬಳೆಗಳನ್ನು ಇಡಿಯಾಗಿ ಇಳಿಸಿದಳು. ತನ್ನ ಕರವಸ್ತ್ರದಲ್ಲಿ ಕಟ್ಟಿ ಬಾಗಿಯ ಕೈಗೆ ಕೊಡುವಾಗ, “ಬಾವಿಕಟ್ಟೆ ಎರಡು ಬೆರಳನ್ನಷ್ಟೇ ಹಿಡಿಯುವುದಿಲ್ಲ, ಅಮ್ಮ” ಎಂದಳು. ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ರಿಕ್ಷಾದಲ್ಲಿ ಸ್ವಾತಿ ಹೊರಗೆ ನೋಡುತ್ತಾ ಹೇಳಿದಳು: “ನೀವ್ ಹೇಳಿದ್ದ್ ಒಳ್ಳೇದಾಯ್ತ್ ಅತ್ತೆ. ನಂಗ್ ಹೇಳುಕ್ ಬತ್ತಿರ್ಲಿಲ್ಲ.”

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಬಾಗಿಗೆ ಹಗುರವಾಗುತ್ತಿತ್ತು.

ಮನೆಯಲ್ಲಿ ಮೋಕ್ಷಿತಾ ಕಾಯುತ್ತಿದ್ದಳು. ಅಮ್ಮನ ಕೈ ನೋಡಿದಳು, ಅಜ್ಜಿಯ ಮಡಿಲಿಗೆ ಬಂದು ಕುಳಿತಳು.

“ಅಜ್ಜಿ, ಬೆಂಗ್ಳೂರಿನವ್ರ್ ನನ್ನ್ ಕೇಂಡ್ರೆ ಎಂತ ಹೇಳ್ಕ್? ಬಾವಿಕಟ್ಟಿ ಅನ್ಕಾ?”

“ಯಾರ್ ಹೇಳಿದ್ದ್ ನಿಂಗ್?”

“ಯಾರೂ ಇಲ್ಲ. ನಾನೇ ಕಲ್ತ್ಕಂಡೆ.”

ಆ ರಾತ್ರಿ ಬಾಗಿ ಉಣ್ಣಲಿಲ್ಲ. ಬೆಳಿಗ್ಗೆ ಶ್ರೀಲತಾ ಹೊರಡುವಾಗ, ಚೀಲ ಹಿಡಿದು ನಿಲ್ಲಿಸಿದಳು.

“ಹೆಣ್ಣೆ, ಆ ಇಪ್ಪತ್ ಮನಿ ಗಂಡಸ್ರ್ ಎಂತ ಕೆಲ್ಸದವ್ರ್?”

“ಎಂತಕ್?”

“ಹೇಳ್.”

ಶ್ರೀಲತಾ ಮನಸ್ಸಿನಲ್ಲೇ ಕಡತಗಳನ್ನು ಮಗುಚಿದಳು. ಕೋಡಿ, ಗಂಗೊಳ್ಳಿ, ಉಪ್ಪುಂದ, ಮರವಂತೆ. “ಹದ್ನಾಲ್ಕ್ ಜನ ಬೋಟಿನವ್ರ್.”

“ನೀವ್ ಹೋಯ್ ಕಂಡದ್ದ್ ಯಾವಾಗ?”

“ಫೆಬ್ರವರಿ. ಮಾರ್ಚಿಗ್ ವರದಿ ಕೊಡ್ಕಲ್ದಾ...” ಎಂದವಳು ಅಲ್ಲಿಗೇ ನಿಂತಳು. ಮೀನುಗಾರರ ಮನೆಯಲ್ಲಿ ಹುಟ್ಟಿದವಳು. ಫೆಬ್ರವರಿಯಲ್ಲಿ ಬೋಟಿನ ಗಂಡಸರು ಎಲ್ಲಿರುತ್ತಾರೆಂದು ಅವಳಿಗೆ ಹೇಳಬೇಕಿರಲಿಲ್ಲ. ಬಾಗಿ ಚೀಲ ಬಿಟ್ಟಳು.

“ಅಮ್ಮ, ಹನ್ನೆರಡಕ್ಕೆ ಎಂತದೂ ಹೇಳ್ಬೇಡ. ರಾಜೀವಿ ಮುಖ ನೆನಿಸ್ಕೊ” ಎಂದು ಹೇಳಿ, ಶ್ರೀಲತಾ ಬಸ್ಸಿಗೆ ಓಡಿದಳು.

*

ಪ್ರತಿಷ್ಠಾನದಿಂದ ಬಂದವರು ಗೋವರ್ಧನ ಎಂಬವರು. ನಲವತ್ತರ ಆಸುಪಾಸು, ತೆಳ್ಳಗೆ, ಮಳೆಗೆ ಪ್ಯಾಂಟು ಮಡಚಿಕೊಂಡು ಬಂದಿದ್ದರು. ಮೀನು ತಿನ್ನುವುದಿಲ್ಲವೆಂದು ಗಿರಿಜಾ ಟೀಚರ್ ಮೊದಲೇ ಹೇಳಿಕಳಿಸಿದ್ದರಿಂದ ನೀರುದೋಸೆಗೆ ಕಾಯಿಬೆಲ್ಲ. ಚಾ ಮಾಡಿದ್ದು ಮೋಕ್ಷಿತಾ. ಗಾಬರಿಗೆ ಎರಡು ಸಲ ಸಕ್ಕರೆ ಹಾಕಿದ್ದಳು. ಗಿರಿಜಾ ಟೀಚರ್ ಒಂದು ಗುಟುಕಿಗೆ ಲೋಟ ಕೆಳಗಿಟ್ಟರು. ಆ ಮನುಷ್ಯ ಮಾತ್ರ ಹುಡುಗಿಯ ಕಡೆ ನೋಡಿ, ತಳದ ಸಕ್ಕರೆಯ ತನಕ ಕುಡಿದು, “ಚೆನ್ನಾಗಿದೆ” ಎಂದರು. ಬಾಗಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಅದನ್ನು ನೋಡಿದಳು. ಹಿಂದೆ ಒಲೆಯ ಮೇಲೆ ಮಧ್ಯಾಹ್ನದ ಗಂಜಿ ಕುದಿಯುತ್ತಿತ್ತು.

ಶೈಲೇಶ ಹೇಳಿದಂತೆಯೇ ಇಸ್ತ್ರಿ ಅಂಗಿ, ಬೊಟ್ಟು. “ಕಾಯಿಬೆಲ್ಲ ಹಾಯ್ಕಣಿ ಸಾರ್” ಎಂದು ತಾನೇ ಬಡಿಸಿದ.

“ಈಗ ಮನೆಯಲ್ಲಿ ಹೇಗಿದೆ?”

“ಎಲ್ಲ ಸಮ ಇತ್ತ್ ಸಾರ್. ಟೀಚರ್ ಬುದ್ಧಿ ಹೇಳಿದ್ ಮೇಲೆ ಕೈ ಎತ್ತಿದ್ದೇ ಇಲ್ಲ.”

“ನೀವು ಹೇಳಿ, ಸ್ವಾತಿಯವರೇ. ಕೈಗೆ ಏನಾಯ್ತು?”

ಸ್ವಾತಿ ಸೆರಗಿನೊಳಗೆ ಪಟ್ಟಿ ಕಟ್ಟಿದ ಕೈ ಎಳೆದುಕೊಂಡಳು. “ಬಾವಿಕಟ್ಟಿ...”

“ಜಾರಿ ಬಿದ್ದದ್” ಎಂದು ಮೋಕ್ಷಿತಾ ಮುಗಿಸಿದಳು. ಪಾಠ ಒಪ್ಪಿಸಿದ ಹಾಗೆ.

ಗೋವರ್ಧನ ಕಾಗದದ ಮೇಲೆ ಪೆನ್ನು ಇಟ್ಟರು. ಶ್ರೀಲತಾ ನೆಲ ನೋಡುತ್ತಿದ್ದಳು. ಬಾಗಿ ಹೊಸಿಲು ದಾಟಿ ಮುಂದೆ ಬಂದಳು.

“ಹ್ವಾಯ್ ಸಾರ್, ಒಂಚೂರ್ ನಿಲ್ಲಿ. ಇವ್ರ್ ಬಂದ್ ಕಂಡದ್ದ್ ಯಾವ್ ತಿಂಗ್ಳ್ ಅಂತ ಅದ್ರಗ್ ಬರ್ದಿತ್ತಾ?”

“ಫೆಬ್ರವರಿ, ಹದಿನೇಳು.”

“ಆವತ್ತ್ ನನ್ನ್ ಮಗ ಗೋವಾದ ಕಡಿ ಕಡ್ಲಗಿದ್ದ. ಕಡ್ಲಗಿಪ್ಪವ ಮನಿಯಗೆ ಹ್ಯಾಂಗ್ ಹೊಡಿತ? ಹದ್ನಾಲ್ಕ್ ಮನಿಯಗೂ ನೀವ್ ಕಂಡದ್ದ್ ಖಾಲಿ ಮನಿ. ಬೋಟ್ ಮೇಲೆ ಬಂದ್ ಗಂಡಸ್ರ್ ಮನಿಯಗ್ ಕೂಕಂಡಾಗ ಬಂದ್ ಕಾಣಿ. ಈಗ ಕಾಣಿ.” ಅವಳು ಸ್ವಾತಿಯ ಸೆರಗು ಸರಿಸಿದಳು. ಕತ್ತಿನ ಸುತ್ತ ನೀಲಿಗಟ್ಟಿದ ಗೀರುಗಳು, ಕೈಯ ಪಟ್ಟಿ. “ಬಾವಿಕಟ್ಟಿ ಅಂತ ಡಾಕ್ಟ್ರಿಗ್ ಹೇಳಿದ್ದ್ ನಾನ್. ಸುಳ್ಳ್ ಹೇಳಿದ್ದೆ. ಬಾಗ್ಲಗ್ ಹಾಯ್ಕಂಡ್ ಜಜ್ಜಿದ್ದ್ ಇವ.”

“ಅಮ್ಮ!” ಎಂದಳು ಶ್ರೀಲತಾ.

ಶೈಲೇಶ ಎದ್ದದ್ದು ಯಾರಿಗೂ ಕಾಣಲಿಲ್ಲ. ಗಾಜಿನ ಲೋಟ ಹಾರಿ ಗೋವರ್ಧನರ ಹಣೆಗೆ ಬಡಿದು ಒಡೆಯಿತು. ತಾಯಿಯ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. “ನನ್ನ್ ಮರ್ಯಾದಿ ತೆಗಿತ್ಯಾ? ನಂಗ್ ಹೆತ್ತವ್ಳಾ ನೀನ್?” ಶ್ರೀಲತಾ ಅವನ ಬೆನ್ನಿಗೆ ಬಿದ್ದಳು. ಕೊಡವಿದ ರಭಸಕ್ಕೆ ಕುರ್ಚಿಯೊಡನೆ ಉರುಳಿದಳು. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಗೋವರ್ಧನ ಮೋಕ್ಷಿತಾಳನ್ನು ಎತ್ತಿ ಜಗಲಿಯಾಚೆ ಗಿರಿಜಾ ಟೀಚರ್ ಕೈಗೆ ದಾಟಿಸಿದರು. ಅಷ್ಟರಲ್ಲಿ ಶೈಲೇಶ ತಾಯಿಯನ್ನು ಬಿಟ್ಟು ಅಡುಗೆಮನೆಗೆ ನುಗ್ಗಿ, ಮೀನು ಕೊಯ್ಯುವ ಮೆಟ್ಟುಗತ್ತಿಯನ್ನು ಮಣೆ ಸಮೇತ ಎತ್ತಿಕೊಂಡಿದ್ದ.

“ಇವತ್ತ್ ಇದನ್ನ ಕೊಯ್ದೇ ಹಾಕ್ತೆ. ಬರ್ಕಣಿ ನಿಮ್ಮ್ ಪುಸ್ತಕದಗೆ!”

ಸ್ವಾತಿ ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದಳು. ಒಳ್ಳೆಯ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮೊದಲ ಏಟಿಗೆ ಕತ್ತಿಯ ತುದಿ ಅವಳ ಭುಜ ಸೀಳಿತು. ಎರಡನೆಯ ಏಟಿಗೆ ಅವನು ಕೈ ಎತ್ತಿದ.

ಬಾಗಿ ಒಲೆಯ ಮೇಲಿನ ಗಂಜಿಯ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಮಗನ ಬೆನ್ನಿನ ಮೇಲೆ ಸುರಿದಳು.

ಅವನು ಕೂಗಿದ ಕೂಗು, ಮೂವತ್ತಾರು ವರ್ಷದ ಹಿಂದೆ, ಇದೇ ಮನೆಯಲ್ಲಿ, ಅವನು ಹುಟ್ಟಿದಾಗ ಕೂಗಿದಂತೆಯೇ ಇತ್ತು. ಕತ್ತಿ ಬಿತ್ತು. ಚಪ್ಪರದಿಂದ ಓಡಿಬಂದ ಗಂಡಸರು ಅವನನ್ನು ನೆಲಕ್ಕೆ ಅದುಮಿ, ಬಲೆಯ ಹಗ್ಗದಿಂದ ಕೈ ಕಟ್ಟಿದರು. ಬಾಗಿ ಸುಟ್ಟ ಅಂಗೈಗಳನ್ನು ಮುಂದೆ ಹಿಡಿದು ನಿಂತಲ್ಲೇ ನಿಂತಿದ್ದಳು. ವನಜ ಬಂದು, ಆ ಎರಡು ಕೈಗಳನ್ನು ಮಗುವಿನ ಕೈ ಹಿಡಿದಂತೆ ಹಿಡಿದು, ನೀರಿನ ಬಕೆಟಿನಲ್ಲಿ ಇಟ್ಟಳು.

*

ಪೊಲೀಸರು ಬರುವ ಮೊದಲು ಬಾಗಿಯ ತಮ್ಮ ಶೀನ ಬಂದ. ಶೈಲೇಶ ದುಡಿಯುತ್ತಿದ್ದ ಬೋಟನ್ನು ನಡೆಸುವ ತಂಡೇಲ ಅವನೇ. ಮನೆತನ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನ ಮಾತು ದೊಡ್ಡದು.

“ಅಕ್ಕ, ಪೊಲೀಸ್ ಬೇಡ. ನಮ್ಮ್ ಕಟ್ಟ್ಲೆ ನಿಂಗ್ ಗೊತ್ತಿತ್ತಲ್ಲ. ಮಗ ಈ ಮನಿಯವ. ಸೊಸಿ, ಮೊಮ್ಮಗು ಅವ್ರಬ್ಬಿ ಮನಿಯವ್ರ್. ಸ್ವಾತಿನ ಉಪ್ಪುಂದದ ತಾಯಿಮನಿಗೆ ಕಳ್ಸ್. ತಣ್ಣಗಾತ್ತ್.”

“ಕಟ್ಟ್ಲೆ ಗೊತ್ತಿತ್ತ್ ಶೀನ. ಮನಿ ಹೆಣ್ಣಿಂದ್ ಅಂಬ್ದೂ ಕಟ್ಟ್ಲೆಯೇ ಅಲ್ದಾ? ನಮ್ಮಬ್ಬಿ ಸಾಯುವತ್ತಿಗೆ ಬೀಗದಕೈ ಕೊಟ್ಟದ್ದ್ ನಂಗ್, ನಿಂಗಲ್ಲ.” ಅವಳ ಕೈಗಳು ಇನ್ನೂ ನೀರಿನಲ್ಲಿದ್ದವು. “ಹೇಳ್ತಿದ್ದೆ ಕೇಣ್. ಸ್ವಾತಿ ಇಲ್ಲೇ ಇರತ್ತ್. ಇವ ಹೊರ್ಗ್.”

ಶೀನ ಹೊರಗೆ ಹೋಗಿ, ಸ್ವಾತಿಯನ್ನು ಆಸ್ಪತ್ರೆಗೆ ಒಯ್ಯಲು ರಿಕ್ಷಾ ಕರೆತಂದ.

ಅವಳ ಭುಜಕ್ಕೆ ಹನ್ನೊಂದು ಹೊಲಿಗೆ ಬಿತ್ತು. ಈ ಸಲ ಡಾಕ್ಟರು ಕೇಳಿದಾಗ ಸ್ವಾತಿಯೇ ಹೇಳಿದಳು. ಪಕ್ಕದ ಕುರ್ಚಿಯಲ್ಲಿ ಹಣೆಗೆ ಪಟ್ಟಿ ಹಾಕಿಸಿಕೊಳ್ಳುತ್ತಿದ್ದ ಗೋವರ್ಧನ ಸಾಕ್ಷಿ ಬರೆದುಕೊಟ್ಟರು.

ಮೂರು ವಾರ ಶ್ರೀಲತಾ ತಾಯಿಯೊಡನೆ ಮಾತಾಡಲಿಲ್ಲ. ತಟ್ಟೆಗೆ ಅನ್ನ ಬೀಳುತ್ತಿತ್ತು, ಎದ್ದು ಹೋಗುತ್ತಿದ್ದಳು. ಒಮ್ಮೆ ಮಾತ್ರ, “ಒಬ್ಳನ್ನ ಉಳ್ಸುಕ್ ಹೋಯ್ ಆರ್ ಹಾಸ್ಗಿ ತೆಗ್ದೆ” ಎಂದಳು. ಅದು ನಿಜವಿರಬಹುದೆಂದು ಬಾಗಿಗೂ ಅನ್ನಿಸುತ್ತಿತ್ತು. ಅಂಗೈಯ ಪಟ್ಟಿಯಿಂದಾಗಿ ಅವಳಿಗೆ ತುತ್ತು ಕಲಸಲು ಆಗುತ್ತಿರಲಿಲ್ಲ, ಸ್ವಾತಿಗೆ ಬಲಗೈ ಇರಲಿಲ್ಲ. ಮೋಕ್ಷಿತಾ ಇಬ್ಬರ ನಡುವೆ ಕುಳಿತು, ಅಜ್ಜಿಗೊಂದು ತುತ್ತು ಅಮ್ಮನಿಗೊಂದು ತುತ್ತು ಹಾಕುತ್ತಿದ್ದಳು.

ಆ ವಾರಗಳಲ್ಲಿ ಶ್ರೀಲತಾ ಮತ್ತು ಗಿರಿಜಾ ಟೀಚರ್ ಉಳಿದ ಹದಿಮೂರು ಬೋಟಿನವರ ಮನೆಗಳಿಗೆ ಮತ್ತೆ ಹೋದರು. ಮೂರನೆಯ ವಾರದ ಕೊನೆಗೆ, ಒಂಬತ್ತನೆಯ ಮನೆಯಿಂದ ಬಂದ ಸಂಜೆ ಅವಳು ಕಾಲು ತೊಳೆಯದೆ ಅಡುಗೆಮನೆಗೆ ಬಂದು, ಗೋಡೆಗೆ ಒರಗಿ ಕುಳಿತಳು.

“ಒಂಬತ್ರಗೆ ಆರ್ ಮನಿಯಗೆ ಹೊಡಿತ್ರ್ ಅಮ್ಮ. ಮರವಂತೆಯಗ್ ಒಂದ್ ಹೆಣ್ಣಿಗೆ ಕಿವಿಯೇ ಕೇಂತಿಲ್ಲ. ಫೆಬ್ರವರಿಯಗೆ ನಾನೇ ಹೋಯಿದ್ದೆ. ‘ಸುಖವಾಗಿದ್ದಾರೆ’ ಅಂತ ನಾನೇ ಬರ್ದಿದ್ದೆ.”

ಬಾಗಿ ಪಟ್ಟಿ ಕಟ್ಟಿದ ಕೈಯಿಂದಲೇ ಚಾದ ಲೋಟ ಅವಳ ಕಡೆ ತಳ್ಳಿದಳು.

ಪ್ರತಿಷ್ಠಾನದ ಪತ್ರ ಆಗಸ್ಟ್ ಮೊದಲ ವಾರ ಬಂತು. ವರದಿಯ ಸಂಖ್ಯೆ ನಿಲ್ಲದ ಕಾರಣ ಮೂರು ವರ್ಷದ ಅನುದಾನ ಇಲ್ಲ. ಗೋವರ್ಧನರ ಶಿಫಾರಸಿನ ಮೇರೆಗೆ ಒಂದು ವರ್ಷಕ್ಕೆ ಅರ್ಧ. ಮನೆ ಭೇಟಿಗಳು ಇನ್ನು ಮುಂದೆ ಜೂನ್-ಜುಲೈಯಲ್ಲೇ ಆಗಬೇಕು. ಆರು ಹಾಸಿಗೆ ಮೂರಾಯಿತು, ಶ್ರೀಲತಾಳ ಸಂಬಳವೂ ಅರ್ಧವಾಯಿತು. ಅಲ್ಲಿದ್ದ ನಾಲ್ವರಲ್ಲಿ ಬೈಂದೂರಿನವಳೊಬ್ಬಳು ಅಕ್ಕನ ಮನೆಗೆ ಹೋದಳು. ರಾಜೀವಿ ಉಳಿದಳು.

*

ಬೋಟುಗಳು ನೀರಿಗಿಳಿಯುವ ಹಿಂದಿನ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅಂಗಳದಲ್ಲಿ ಶೈಲೇಶ ನಿಂತಿದ್ದ. ಜಾಮೀನಿನ ಮೇಲೆ ಹೊರಗೆ ಬಂದು ಬಲೆಯ ಶೆಡ್ಡಿನಲ್ಲಿ ಮಲಗುತ್ತಿದ್ದಾನೆಂದು ವನಜ ಹೇಳಿದ್ದಳು. ಬೆನ್ನಿಗೆ ಅಂಗಿ ತಾಗದಂತೆ ಬಗ್ಗಿ ನಡೆಯುತ್ತಿದ್ದ.

ಸ್ವಾತಿ ಮಗಳನ್ನು ಎಳೆದುಕೊಂಡು ಒಳಕೋಣೆಗೆ ಹೋದಳು. ಬಾಗಿ ಬಾಗಿಲಿನ ಅಗುಳಿ ಹಾಕಿ, ಕಿಟಕಿಗೆ ಬಂದಳು.

“ಅಮ್ಮ, ಬಾಗ್ಲ್ ತೆಗಿ.”

“ಇಲ್ಲ.”

“ನಾಳೆ ಹೋತೆ. ಶೀನ ಮಾವ ಕರ್ಕಂಡ್ ಹೋತ್ರಂಬ್ರ್.” ಅವನು ಕೆಳಗೆ ನೋಡಿದ. “ಹೊಟ್ಟಿ ಹಸು ಆತ್ತ್.”

ಬಾಗಿ ಒಳಗೆ ಹೋಗಿ ಗಂಜಿ ಬಡಿಸಿದಳು. ಸುಟ್ಟ ಒಣಮೀನಿನ ತುಂಡು, ಉಪ್ಪಿನಕಾಯಿ. ಹಿಂಬಾಗಿಲಿನಿಂದ ಸುತ್ತಿ ಬಂದು, ಜಗಲಿಯ ತುದಿಯಲ್ಲಿ ಇಟ್ಟು, ಅವನು ಹತ್ತಿರ ಬರುವ ಮೊದಲೇ ಒಳಹೋಗಿ ಆ ಬಾಗಿಲನ್ನೂ ಹಾಕಿಕೊಂಡಳು. ಮಗನಿಗೆ ಹೆದರಿ ಓಡುವ ತಾಯಿಯ ಕಾಲುಗಳು ಅವಳಿಗೆ ತನ್ನವೆಂದು ಅನ್ನಿಸಲಿಲ್ಲ.

ಶೈಲೇಶ ಕುಳಿತ. ಬಟ್ಟಲು ಎತ್ತಿಕೊಂಡ. ತಗ್ಗಾದ ಬದಿ ಅವನ ಹೆಬ್ಬೆರಳಿಗೆ ಸಿಕ್ಕಿತು. ಒಂದು ಗಳಿಗೆ ಅದನ್ನು ತಿರುಗಿಸಿ ನೋಡಿದ. ಎಸೆಯುತ್ತಾನೇನೋ ಎಂದು ಬಾಗಿ ಕಿಟಕಿಯ ಸರಳು ಹಿಡಿದು ನಿಂತಳು. ಅವನು ಊದಿ ಊದಿ, ಆರಿಸಿಕೊಂಡು, ಪೂರ್ತಿ ಉಂಡ. ಬಾವಿಯ ಬಳಿ ಬಟ್ಟಲು ತೊಳೆದು ಜಗಲಿಯ ಮೇಲೆ ಬೋರಲು ಹಾಕಿದ. ಬಾಗಿಲಿನ ಕಡೆ ಇನ್ನೊಮ್ಮೆ ನೋಡಿದ.

ಅಗುಳಿ ತೆಗೆಯಲು ಬಾಗಿಯ ಕೈ ಮೇಲೇಳಲಿಲ್ಲ. ಅಂಗೈಯ ಹೊಸ ಚರ್ಮ ಇನ್ನೂ ಬಿಗಿದುಕೊಂಡಿತ್ತು.

ಅವನು ಬೇಲಿ ದಾಟಿ ಮರೆಯಾದ ಮೇಲೆ ಶ್ರೀಲತಾ ಒಳಕೋಣೆಯಿಂದ ಬಂದಳು. ಕೈಯಲ್ಲಿ ಹೊಸ ವರ್ಷದ ಕಡತಗಳ ಪಟ್ಟಿ.

“ನಮ್ಮ್ ಮನಿದ್ ಎಂತ ಬರಿಯುದ್ ಅಮ್ಮ? ರಾಜಿಯೂ ಅಲ್ಲ, ಬಿಟ್ಟದ್ದೂ ಅಲ್ಲ.”

“ಇವತ್ತ್ ಎಂತದೂ ಬರಿಬೇಡ” ಎಂದಳು ಬಾಗಿ. “ಅವ ಈಗ ಕಡ್ಲಿಗ್ ಹೋತ. ಜೂನ್ ಬರ್ಲಿ. ಬೋಟ್ ಮೇಲೆ ಬಂದ್ ಒಂಬತ್ತ್ ದಿನ ಆಯ್ಲಿ. ಆಗ ಬಂದ್ ಕೇಣ್.”